ಕಿರು ಪ್ರಕಾಶಕರ ಚಿತ್ರವೆಚ್ಚ: ಮೇಜಿನಾಟದ ಪುಸ್ತಕೋದ್ಯಮದ ಒಂದು ಲೆಕ್ಕ

1974ರ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಒಂದು ರಟ್ಟಿನ ಪೆಟ್ಟಿಗೆ ಮಾರುಕಟ್ಟೆಗೆ ಬಂದಿತು. ಅದರೊಳಗೆ ಮೂರು ತೆಳು ಪುಸ್ತಕಗಳು; ಬೆಲೆ 10 ಡಾಲರು; ಮೊದಲ ಮುದ್ರಣ 1000 ಪ್ರತಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆ ಆಟವನ್ನು ಹೊರತಂದದ್ದು ಮಿತ್ರರು ಕೂಡಿ ಅಲ್ಪ ಬಂಡವಾಳದಲ್ಲಿ ಕಟ್ಟಿದ ‘ಟಿಎಸ್‌ಆರ್’ ಎಂಬ ಪಾಲುದಾರಿಕೆ ಸಂಸ್ಥೆ. ಮುದ್ರಣದ ಖರ್ಚನ್ನು ಹೊಂದಿಸುವುದೇ ಕಷ್ಟವಾಗಿದ್ದುದರಿಂದ ಚಿತ್ರಗಳಿಗೆಂದು ಉಳಿದ ಹಣ ತೀರ ಕಡಿಮೆ. ಪರಿಚಯದ ಹವ್ಯಾಸಿಗಳು ಚಿತ್ರವೊಂದಕ್ಕೆ ಕೆಲವೇ ಡಾಲರಿನಂತೆ ಬರೆದುಕೊಟ್ಟರು. ಅವುಗಳಲ್ಲಿ ಕೆಲವು, ಪೆಟ್ಟಿಗೆಯ ಮೇಲಿನ ಕುದುರೆ ಸವಾರನೂ ಸೇರಿದಂತೆ, ಮಾರ್ವೆಲ್ ಸಂಸ್ಥೆಯ ‘ಸ್ಟ್ರೇಂಜ್ ಟೇಲ್ಸ್’ ಚಿತ್ರಕಥಾ ಪತ್ರಿಕೆಯ 1968ರ 167ನೆಯ ಸಂಚಿಕೆಯನ್ನು ಮುಂದಿಟ್ಟುಕೊಂಡು ಬರೆದವೆಂದು ಬಹುಕಾಲದ ಮೇಲೆ ಅಭಿಮಾನಿಗಳು ಗುರುತಿಸಿದರು.

ಆ ಆಟ ಮುಂದೆ ಬೃಹತ್ ಉದ್ಯಮವಾಗಿ ಬೆಳೆಯಿತು. 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯ ಕೈಗೂ, 1999ರಲ್ಲಿ ಅದರೊಂದಿಗೆ ಹ್ಯಾಸ್ಬ್ರೋ ಎಂಬ ಆಟಿಕೆ ಕಂಪನಿಯ ಕೈಗೂ ಸೇರಿತು. ಆದರೆ ಲೇಕ್ ಜಿನೀವಾದ ಪಾಲುದಾರರು ಎದುರಿಸಿದ ಪ್ರಶ್ನೆ ಮಾತ್ರ ಅರ್ಧ ಶತಮಾನದ ನಂತರವೂ ಹಾಗೆಯೇ ಉಳಿದಿದೆ. ಕೈಯಲ್ಲಿ ಬರಹ ಸಿದ್ಧವಿದೆ, ಹಣವಿಲ್ಲ, ಚಿತ್ರ ಬೇಕು. ಇಂದು ಈ ಪ್ರಶ್ನೆಯನ್ನು ಕೇಳುತ್ತಿರುವವರು ಮನೆಯಿಂದಲೇ ವ್ಯವಹಾರ ನಡೆಸುವ ಒಬ್ಬಿಬ್ಬರ ಪ್ರಕಾಶನ ಸಂಸ್ಥೆಗಳು. ಅವರು ಕಂಡುಕೊಂಡಿರುವ ದಾರಿಗಳು ಪೊಟ್ಟಣ, ಲೇಬಲ್, ಕ್ಯಾಲೆಂಡರುಗಳಿಗೆ ಚಿತ್ರ ಬೇಕಾಗುವ ಯಾವುದೇ ಸಣ್ಣ ಉದ್ಯಮಿಗೂ ಪರಿಶೀಲನಾರ್ಹವಾಗಿವೆ.

ಸರಕು ಯಾವುದು?

ಈ ಆಟದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಸುವುದು ಅಗತ್ಯ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬರು ಕಥೆಯ ಸನ್ನಿವೇಶವನ್ನು ವಿವರಿಸುತ್ತಾರೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ ತಾವು ಏನು ಮಾಡುವೆವೆಂದು ಹೇಳುತ್ತಾರೆ. ಫಲಿತಾಂಶವನ್ನು ದಾಳ ತೀರ್ಮಾನಿಸುತ್ತದೆ. ಹಾಸು, ಕಾಯಿಗಳು ಇರಲೇಬೇಕೆಂದಿಲ್ಲ. ಆದ್ದರಿಂದ ಮಾರಾಟವಾಗುವ ಸರಕು ಬಹುಮಟ್ಟಿಗೆ ಪುಸ್ತಕವೇ. ಕಾಣದ ಲೋಕವೊಂದನ್ನು ಓದುಗರ ಕಣ್ಣಿಗೆ ಕಟ್ಟಿಕೊಡಬೇಕಾದ ಪುಸ್ತಕವಾದ್ದರಿಂದ ಅದರಲ್ಲಿ ಚಿತ್ರವು ಅಲಂಕಾರ ಮಾತ್ರವಲ್ಲ, ಅರ್ಧ ಸರಕೇ ಆಗಿದೆ. ಅಂತರಜಾಲದ ಅಂಗಡಿಯಲ್ಲಿ ಅಂಚೆಚೀಟಿಯಷ್ಟು ಚಿಕ್ಕದಾಗಿ ಕಾಣುವ ಮುಖಪುಟವನ್ನು ನೋಡಿಯೇ ಗ್ರಾಹಕರು ನಿಲ್ಲುತ್ತಾರೆ ಅಥವಾ ಮುಂದೆ ಸಾಗುತ್ತಾರೆ.

2000ದಲ್ಲಿ ವಿಝರ್ಡ್ಸ್ ಸಂಸ್ಥೆಯು ತನ್ನ ಆಟದ ಮೂಲ ನಿಯಮಗಳನ್ನು ಇತರರೂ ಬಳಸಿ ಪುಸ್ತಕ ಬರೆಯಬಹುದೆಂಬ ಮುಕ್ತ ಪರವಾನಗಿಯನ್ನು ಪ್ರಕಟಿಸಿತು. ಮುಂದಿನ ವರ್ಷದಿಂದಲೇ ವಿದ್ಯುನ್ಮಾನ ಪುಸ್ತಕಗಳ ಮಾರಾಟ ತಾಣಗಳು ತಲೆಯೆತ್ತಿದವು. ಅವುಗಳಲ್ಲಿ 2004ರಲ್ಲಿ ಆರಂಭವಾದ ‘ಡ್ರೈವ್‌ಥ್ರೂಆರ್‌ಪಿಜಿ’ ಪ್ರಮುಖವಾದುದು. ಬೇಡಿಕೆ ಬಂದಂತೆ ಒಂದೊಂದೇ ಪ್ರತಿ ಅಚ್ಚಾಗುವ ಸೌಲಭ್ಯವೂ ಸೇರಿದ ಮೇಲೆ ಕಾಗದ, ಅಚ್ಚು, ಗೋದಾಮುಗಳ ಭಾರ ಕಿರು ಪ್ರಕಾಶಕರ ಹೆಗಲಿನಿಂದ ಇಳಿಯಿತು. ಇಳಿಯದೆ ಉಳಿದದ್ದು ಚಿತ್ರದ ವೆಚ್ಚ. ಮುಕ್ತ ಪರವಾನಗಿಯಲ್ಲಿ ದೊರೆತದ್ದು ನಿಯಮಗಳ ಪಠ್ಯ, ಚಿತ್ರಗಳಲ್ಲ. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬದಲಿಸುವ ಯತ್ನದ ವಿರುದ್ಧ ತೀವ್ರ ಪ್ರತಿಭಟನೆ ನಡೆದು, ಕೊನೆಗೆ ನಿಯಮಗಳನ್ನು ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿ ಬಿಟ್ಟುಕೊಟ್ಟಾಗಲೂ ಅದು ಪಠ್ಯಕ್ಕಷ್ಟೇ ಅನ್ವಯಿಸಿತು.

ಮಾರಾಟದ ಪ್ರಮಾಣವನ್ನು ಗಮನಿಸಿದರೆ ಸಮಸ್ಯೆಯ ತೀವ್ರತೆ ತಿಳಿಯುತ್ತದೆ. ಡ್ರೈವ್‌ಥ್ರೂ ತಾಣವು ಮಾರಾಟದ ಮೇಲೆ ಪುಸ್ತಕಗಳಿಗೆ ಲೋಹಗಳ ಹೆಸರಿನ ಪದಕಗಳನ್ನು ನೀಡುತ್ತದೆ. 51 ಪ್ರತಿ ಮಾರಾಟವಾದರೆ ತಾಮ್ರ, 101ಕ್ಕೆ ಬೆಳ್ಳಿ, 501ಕ್ಕೆ ಚಿನ್ನ. ಐವತ್ತೊಂದು ಪ್ರತಿಗಳ ಮಾರಾಟವೇ ಪದಕಕ್ಕೆ ಅರ್ಹವೆನ್ನಿಸುವ ಮಾರುಕಟ್ಟೆ ಇದು! ಬೇರೆಡೆಯೂ ಮಾರುವ ಪ್ರಕಾಶಕರಿಗೆ ತಾಣವು ಬೆಲೆಯ ಶೇ. 65ರಷ್ಟನ್ನೂ, ತನ್ನಲ್ಲಿ ಮಾತ್ರ ಮಾರುವವರಿಗೆ ಶೇ. 70ರಷ್ಟನ್ನೂ ಕೊಡುತ್ತ ಬಂದಿದೆ.

ಒಂದು ಊಹಾ ಲೆಕ್ಕವನ್ನು ಹಾಕಬಹುದು. 64 ಪುಟಗಳ ವಿದ್ಯುನ್ಮಾನ ಪುಸ್ತಕ, ಬೆಲೆ 10 ಡಾಲರು, 100 ಪ್ರತಿ ಮಾರಾಟ. ಪ್ರಕಾಶಕರ ಕೈಸೇರುವುದು 650 ಡಾಲರು. ಹೊಸದಾಗಿ ಬರೆಸಿದ ಬಣ್ಣದ ಮುಖಪುಟಕ್ಕೆ 300, ನಾಲ್ಕು ಪೂರ್ಣಪುಟದ ಚಿತ್ರಗಳಿಗೆ ತಲಾ 100, ಹನ್ನೆರಡು ಸಣ್ಣ ಚಿತ್ರಗಳಿಗೆ ತಲಾ 30 ಎಂದು ಹಿಡಿದರೂ ಒಟ್ಟು 1060 ಡಾಲರು. ಬರೆದವರ ಶ್ರಮಕ್ಕೆ ಒಂದು ಕಾಸನ್ನೂ ಸೇರಿಸದೆ 410 ಡಾಲರು ನಷ್ಟ. ಇಲ್ಲಿ ಹಿಡಿದ ದರಗಳು ಕಲಾವಿದರ ದೃಷ್ಟಿಯಿಂದ ಉದಾರವೇನೂ ಅಲ್ಲ. ಪೂರ್ಣಪುಟದ ಶಾಯಿಚಿತ್ರಕ್ಕೆ ಒಂದೆರಡು ದಿನಗಳ ದುಡಿಮೆ ಬೇಕು; ತಿದ್ದುಪಡಿಗಳು ಬೇರೆ.

ಅಗ್ಗದ ಎರಡು ಅಡ್ಡದಾರಿಗಳು

ಈ ಅಂತರವನ್ನು ಮುಚ್ಚಲು ಹೊಸಬರು ಮೊದಲು ಹಿಡಿಯುವ ದಾರಿಗಳು ಎರಡು. ಒಂದು, ಅಂತರಜಾಲದಲ್ಲಿ ಹುಡುಕಿ ಸಿಕ್ಕಿದ ಚಿತ್ರವನ್ನು ಎತ್ತಿಕೊಳ್ಳುವುದು. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಣ್ಣಿಗೆ ಬಿದ್ದ ಚಿತ್ರಕ್ಕೆಲ್ಲ ಒಡೆಯರು ಇದ್ದಾರೆಂದು ತಿಳಿದು ನಡೆಯುವುದೇ ಕ್ಷೇಮ. ಇನ್ನೊಂದು, ಕಲಾವಿದರಿಗೆ ಹಣದ ಬದಲು ಲಾಭದಲ್ಲಿ ಪಾಲು ಅಥವಾ ‘ಹೆಸರು ಬರುತ್ತದೆ’ ಎಂಬ ಭರವಸೆ ಕೊಡುವುದು. ಮೇಲಿನ ಲೆಕ್ಕವನ್ನೇ ತೆಗೆದುಕೊಂಡರೆ, 650 ಡಾಲರಿನಲ್ಲಿ ಶೇ. 10ರ ಪಾಲೆಂದರೆ 65 ಡಾಲರು. ಅದೂ ವರ್ಷದುದ್ದಕ್ಕೂ ಹನಿಹನಿಯಾಗಿ. ನುರಿತ ಕಲಾವಿದರು ಇಂಥ ಪ್ರಸ್ತಾವಗಳಿಗೆ ಉತ್ತರವನ್ನೇ ಬರೆಯದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ವಾಸ್ತವದಲ್ಲಿ ವೆಚ್ಚ ತಗ್ಗುವುದು ಕಲಾವಿದರೊಡನೆ ಚೌಕಾಸಿ ಮಾಡುವುದರಿಂದಲ್ಲ, ಕೊಳ್ಳುವ ಹಕ್ಕನ್ನು ತಗ್ಗಿಸುವುದರಿಂದ. ಚಿತ್ರವೆಂಬುದು ಅಕ್ಕಿ ಬೇಳೆಗಳಂತೆ ಒಮ್ಮೆ ಮಾರಿದರೆ ಮುಗಿಯುವ ಸರಕಲ್ಲ. ಒಂದೇ ಚಿತ್ರವನ್ನು ಒಬ್ಬರಿಗೆ ಸಂಪೂರ್ಣವಾಗಿ ಮಾರಬಹುದು. ಹತ್ತು ಮಂದಿಗೆ ಬಳಕೆಯ ಅನುಮತಿಯಾಗಿ ಕೊಡಬಹುದು. ಒಂದು ಪುಸ್ತಕಕ್ಕೆ, ಒಂದು ಆವೃತ್ತಿಗೆ ಸೀಮಿತಗೊಳಿಸಬಹುದು. ನೂರು ಪ್ರತಿ ಮಾರುವ ಪುಸ್ತಕಕ್ಕೆ ಶಾಶ್ವತವಾದ ಪೂರ್ಣ ಒಡೆತನವನ್ನು ಕೇಳುವುದು ಒಂದು ದಿನದ ಸಮಾರಂಭಕ್ಕೆ ಕಲ್ಯಾಣಮಂಟಪವನ್ನೇ ಕ್ರಯಕ್ಕೆ ಕೊಂಡಂತೆ.

ಸಿದ್ಧ ಉಡುಪಿನಂತೆ ಸಿದ್ಧ ಚಿತ್ರ

ಈ ತತ್ತ್ವದ ಮೇಲೆ ಬೆಳೆದದ್ದೇ ‘ಸ್ಟಾಕ್ ಆರ್ಟ್’ ಎಂಬ ಸಿದ್ಧ ಚಿತ್ರಗಳ ಮಾರುಕಟ್ಟೆ. ಗ್ರಾಹಕರು ಕೇಳುವ ಮುನ್ನವೇ ಕಲಾವಿದರು ಖಡ್ಗಧಾರಿಣಿ, ಹಾಳುಕೋಟೆ, ಮಂತ್ರವಾದಿ, ಹಡಗು ಮುಂತಾದ ಸದಾ ಬೇಡಿಕೆಯುಳ್ಳ ಚಿತ್ರಗಳನ್ನು ಬರೆದಿಟ್ಟು, ಪುಸ್ತಕಗಳನ್ನು ಮಾರುವ ಅದೇ ತಾಣದಲ್ಲಿ ಮಾರಾಟಕ್ಕಿಡುತ್ತಾರೆ. ಕೆಲವೇ ಡಾಲರಿಗೆ ಒಂದು ಚಿತ್ರದ ಬಳಕೆಯ ಅನುಮತಿ ದೊರೆಯುತ್ತದೆ. ದರ್ಜಿಯ ಬಳಿ ಅಳತೆ ಕೊಟ್ಟು ಹೊಲಿಸುವುದಕ್ಕೂ ಸಿದ್ಧ ಉಡುಪು ಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಕಲಾವಿದರಿಗೂ ನಷ್ಟವಿಲ್ಲ, ಐದು ಡಾಲರಿನ ಚಿತ್ರವನ್ನು ಅರವತ್ತು ಮಂದಿ ಕೊಂಡರೆ, ತಾಣದ ಪಾಲು ಕಳೆದ ಮೇಲೂ ಒಬ್ಬರಿಗೆ ಬರೆದುಕೊಟ್ಟುದಕ್ಕಿಂತ ಹೆಚ್ಚು ಹಣ ಬರಬಹುದು. ಇನ್ನು ಕೆಲವರು ತಿಂಗಳ ಚಂದಾ ಪದ್ಧತಿಯಲ್ಲಿ ಚಿತ್ರಗಳನ್ನು ಒದಗಿಸುತ್ತಾರೆ. ‘ಡೈಸನ್ ಲೋಗೋಸ್’ ಎಂಬ ಅಂಕಿತದ ಕಲಾವಿದರು ಬೆಂಬಲಿಗರ ಚಂದಾದ ಬಲದಿಂದ ತಮ್ಮ ಅನೇಕ ನಕ್ಷೆಗಳನ್ನು ವಾಣಿಜ್ಯ ಬಳಕೆಗೂ ಬಿಟ್ಟುಕೊಟ್ಟಿದ್ದಾರೆ. ಕೋಷ್ಟಕಗಳ ಪಕ್ಕದಲ್ಲಿಡುವ ಕತ್ತಿ, ಗುರಾಣಿ, ದಾಳಗಳಂಥ ಚಿಹ್ನೆಗಳು ‘ಗೇಮ್-ಐಕಾನ್ಸ್’ ಎಂಬ ಸಂಗ್ರಹದಲ್ಲಿ ಸಾವಿರಾರು ಇವೆ. ರಚಿಸಿದವರ ಹೆಸರನ್ನು ಪುಸ್ತಕದಲ್ಲಿ ಅಚ್ಚು ಹಾಕಿದರೆ ಸಾಕು.

ಸಿದ್ಧ ಚಿತ್ರದ ಕುಂದು ಎಲ್ಲರಿಗೂ ತಿಳಿದದ್ದೇ. ಪಕ್ಕದ ಅಂಗಡಿಯ ಪುಸ್ತಕದ ಮೇಲೂ ಅದೇ ಖಡ್ಗಧಾರಿಣಿ ನಿಂತಿರಬಹುದು. ಒಳಪುಟಗಳಲ್ಲಿ ಇದು ಅಷ್ಟಾಗಿ ಬಾಧಿಸದು. ಮುಖಪುಟದಲ್ಲಿ ಮಾತ್ರ ಬಾಧಿಸುತ್ತದೆ. ಕೊಳ್ಳುವಾಗ ಪರವಾನಗಿಯ ಪತ್ರವನ್ನು ಪೂರ್ತಿ ಓದುವುದು ಇನ್ನೊಂದು ಎಚ್ಚರಿಕೆ. ಕೆಲವು ಪರವಾನಗಿಗಳು ಮುದ್ರಿತ ಪ್ರತಿಗಳ ಸಂಖ್ಯೆಗೆ ಮಿತಿ ಹಾಕುತ್ತವೆ; ಕೆಲವು ಪುಸ್ತಕಕ್ಕೆ ಒಪ್ಪಿ, ಅದೇ ಚಿತ್ರವನ್ನು ಅಂಗಿಯ ಮೇಲೆ ಅಚ್ಚು ಹಾಕಿ ಮಾರುವುದಕ್ಕೆ ಒಪ್ಪುವುದಿಲ್ಲ. ಉಚಿತ ಚಿತ್ರಗಳ ಹಿಂದೆಯೂ ಷರತ್ತು ಇದ್ದೇ ಇರುತ್ತದೆ. 2016ರಲ್ಲಿ ವಿಝರ್ಡ್ಸ್ ಸಂಸ್ಥೆಯು ‘ಡಿಎಂಸ್ ಗಿಲ್ಡ್’ ಎಂಬ ತಾಣವನ್ನು ತೆರೆಯಿತು. ಅಲ್ಲಿ ಬರೆಯುವವರಿಗೆ ಸಂಸ್ಥೆಯ ಚಿತ್ರಗಳ ಕಟ್ಟುಗಳು ಉಚಿತವಾಗಿ ದೊರೆತವು. ಆದರೆ ಆ ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ, ಬರೆದವರಿಗೆ ಸಲ್ಲುವುದು ಬೆಲೆಯ ಅರ್ಧ ಭಾಗ. ಚಿತ್ರದ ಬೆಲೆಯನ್ನು ಇನ್ನೊಂದು ಖಾತೆಯಿಂದ ವಸೂಲು ಮಾಡಿದಂತಾಯಿತು.

ಅವಧಿ ಮುಗಿದ ಚಿತ್ರಗಳ ಭಂಡಾರ

ಎಲ್ಲಕ್ಕಿಂತ ದೊಡ್ಡ ಭಂಡಾರವೆಂದರೆ ಕೃತಿಸ್ವಾಮ್ಯದ ಅವಧಿ ಮುಗಿದ ಹಳೆಯ ಚಿತ್ರಗಳು. ಅದ್ಭುತ ಲೋಕದ ಆಟಗಳಿಗೆ ಇವು ಹೇಳಿ ಬರೆಸಿದಂತಿವೆ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1513ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದ ‘ಯೋಧ, ಮೃತ್ಯು ಮತ್ತು ಪಿಶಾಚಿ’, ಎಡ್ವರ್ಡ್ ಟಾಪ್ಸೆಲ್‌ನ 1607ರ ಪ್ರಾಣಿಗ್ರಂಥದ ಮರದಚ್ಚುಗಳು, ಜಪಾನಿನ ತೊರಿಯಾಮ ಸೆಕಿಯೆನ್ 1776ರಲ್ಲಿ ಪ್ರಕಟಿಸಿದ ಭೂತಪ್ರೇತಗಳ ಸಚಿತ್ರ ಸಂಪುಟ, ಫ್ರಾನ್ಸಿನ ಗುಸ್ತಾವ್ ದೊರೆ 1861ರಲ್ಲಿ ಡಾಂಟೆಯ ನರಕಕ್ಕೆ ಬರೆದ ಚಿತ್ರಗಳು, ನಾರ್ವೆಯ ಥಿಯೊಡೋರ್ ಕಿಟೆಲ್ಸನ್ ಮತ್ತು ಸ್ವೀಡನಿನ ಯೋನ್ ಬೌಯರ್ ಅವರ ಕಾಡುರಕ್ಕಸರು: ಇವು ಕೆಲವು ಉದಾಹರಣೆಗಳು ಮಾತ್ರ.

ಮೊದಲು ಇವುಗಳ ಉತ್ತಮ ಪ್ರತಿ ದೊರೆಯುವುದೇ ದುರ್ಲಭವಾಗಿತ್ತು. ವಸ್ತುಸಂಗ್ರಹಾಲಯಗಳು ಛಾಯಾಚಿತ್ರಕ್ಕೆ ಶುಲ್ಕ ವಿಧಿಸುತ್ತಿದ್ದವು. ಚಪ್ಪಟೆಯಾದ ಹಳೆಯ ಚಿತ್ರವೊಂದರ ಯಥಾವತ್ ಛಾಯಾಚಿತ್ರಕ್ಕೆ ಹೊಸ ಕೃತಿಸ್ವಾಮ್ಯ ಹುಟ್ಟುವುದಿಲ್ಲವೆಂದು 1999ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಯೂರೋಪಿಯನ್ ಒಕ್ಕೂಟದ 2019ರ ನಿರ್ದೇಶನವೂ ಇದೇ ದಿಕ್ಕಿನದು. ಈ ನಡುವೆ ದೊಡ್ಡ ಸಂಸ್ಥೆಗಳೇ ಬಾಗಿಲು ತೆರೆದವು. 2013ರ ಡಿಸೆಂಬರಿನಲ್ಲಿ ಬ್ರಿಟಿಷ್ ಲೈಬ್ರರಿಯು ಹಳೆಯ ಪುಸ್ತಕಗಳಿಂದ ತೆಗೆದ ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಬಿಡುಗಡೆ ಮಾಡಿತು. 2017ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು ಸುಮಾರು 3.75 ಲಕ್ಷ ಚಿತ್ರಗಳನ್ನೂ, 2020ರ ಫೆಬ್ರವರಿಯಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯು 28 ಲಕ್ಷ ಚಿತ್ರಗಳನ್ನೂ ಯಾವ ಷರತ್ತೂ ಇಲ್ಲದೆ ವಾಣಿಜ್ಯ ಬಳಕೆಗೂ ಮುಕ್ತಗೊಳಿಸಿದವು. ಪುಸ್ತಕದ ಅಚ್ಚಿಗೆ ಅಂಗುಲಕ್ಕೆ 300 ಬಿಂದುಗಳ ಸಾಂದ್ರತೆ ಬೇಕು. ಅಂದರೆ ಎ5 ಅಳತೆಯ ಪೂರ್ಣಪುಟಕ್ಕೆ ಸುಮಾರು 1750ಕ್ಕೆ 2480 ಬಿಂದುಗಳ ಕಡತ. ತೆರೆಯ ಮೇಲೆ ಚೆನ್ನಾಗಿ ಕಾಣುವ ಸಣ್ಣ ಕಡತ ಕಾಗದದ ಮೇಲೆ ಮಸುಕಾಗುತ್ತದೆ; ಸಂಗ್ರಹಾಲಯಗಳ ಮೂಲ ಕಡತಗಳಲ್ಲಿ ಈ ತೊಂದರೆ ಕಡಿಮೆ.

ಅವಧಿ ಮುಗಿಯಿತೇ ಎಂಬುದನ್ನು ಮಾತ್ರ ದೇಶದೇಶಕ್ಕೆ ಬೇರೆಬೇರೆಯಾಗಿ ನೋಡಬೇಕು. ಬ್ರಿಟನ್ನಿನಲ್ಲಿ ಕಲಾವಿದರ ಮರಣಾನಂತರ 70 ವರ್ಷ. ಭಾರತದಲ್ಲಿ 60 ವರ್ಷ. ಅಮೆರಿಕದಲ್ಲಿ ಹಳೆಯ ಪ್ರಕಟಿತ ಕೃತಿಗಳಿಗೆ ಪ್ರಕಟಣೆಯಿಂದ 95 ವರ್ಷ. 1939ರಲ್ಲಿ ತೀರಿಕೊಂಡ ಆರ್ಥರ್ ರ್‍ಯಾಕಮ್ ಅವರ ಚಿತ್ರಗಳು ಬ್ರಿಟನ್ನಿನಲ್ಲಿ 2010ರಿಂದ ಮುಕ್ತ. ಆದರೆ 1935ರಲ್ಲಿ ಪ್ರಕಟವಾದವಕ್ಕೆ ಅಮೆರಿಕದಲ್ಲಿ 2030ರ ಕೊನೆಯವರೆಗೂ ಹಕ್ಕು ಉಳಿದಿರಬಹುದು. ನಮ್ಮ ಪುರಾಣಗಳ ಮೇಲೆ ಆಟ ರಚಿಸುವವರಿಗೂ, ಊದುಬತ್ತಿಯ ಪೊಟ್ಟಣಕ್ಕೆ ದೇವರ ಚಿತ್ರ ಹುಡುಕುವವರಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ. 1906ರಲ್ಲಿ ನಿಧನರಾದ ರಾಜಾ ರವಿವರ್ಮರ ಚಿತ್ರಗಳು ಎಂದೋ ಮುಕ್ತವಾಗಿವೆ. ಅಷ್ಟೇ ಪರಿಚಿತವಾದ ಕ್ಯಾಲೆಂಡರ್ ಚಿತ್ರಗಳನ್ನು ಬರೆದ ಕಲಬುರಗಿಯ ಎಸ್. ಎಂ. ಪಂಡಿತರು ನಿಧನರಾದದ್ದು 1993ರಲ್ಲಿ. ಅವರ ಕೃತಿಗಳ ಮೇಲಿನ ಹಕ್ಕು ಭಾರತದಲ್ಲಿ 2053ರ ಕೊನೆಯವರೆಗೆ ಇರುತ್ತದೆ. ಗೋಡೆಯ ಮೇಲೆ ಎರಡೂ ಒಂದೇ ಬಗೆಯ ಹಳೆಯ ಪಟಗಳಾಗಿ ಕಾಣುತ್ತವೆ, ಕಾನೂನಿನಲ್ಲಿ ಹಾಗಲ್ಲ.

ಹಳೆಯ ಚಿತ್ರಗಳಿಂದ ತುಂಬಿದ ಪುಸ್ತಕ ಹಲವು ಕೈಗಳ ತೇಪೆಯಂತೆ ಕಾಣುವ ಅಪಾಯವಿದೆ. ಅನುಭವಿಗಳು ಒಂದೇ ಕಾಲದ, ಒಂದೇ ತಂತ್ರದ ಚಿತ್ರಗಳನ್ನು ಆರಿಸಿ, ಎಲ್ಲಕ್ಕೂ ಒಂದೇ ಬಣ್ಣದ ಛಾಯೆ ಕೊಡುತ್ತಾರೆ. ದೊರೆಯ ಅತಿಪರಿಚಿತ ಚಿತ್ರವನ್ನು ಇಡಿಯಾಗಿ ಹಾಕುವ ಬದಲು ಅದರ ಒಂದು ಮೂಲೆಯನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿದರೆ ಹೊಸದೇ ಎನ್ನಿಸುವುದುಂಟು.

ಎಲ್ಲಿ ಖರ್ಚು ಮಾಡಬೇಕು?

ಮೊದಲಿನ ಲೆಕ್ಕವನ್ನು ಈಗ ತಿರುಗಿ ಹಾಕಬಹುದು. ಕಲಾವಿದರು ಹಿಂದೆಯೇ ಬರೆದಿಟ್ಟ ವರ್ಣಚಿತ್ರವೊಂದನ್ನು ಮುಖಪುಟಕ್ಕೆ ಬಳಸುವ ಅನುಮತಿಗೆ 100. ಹತ್ತು ಸಿದ್ಧ ಚಿತ್ರಗಳಿಗೆ ತಲಾ 5ರಂತೆ 50. ಆರು ಹಳೆಯ ಮರದಚ್ಚುಗಳಿಗೆ ಏನೂ ಇಲ್ಲ. ಹೊಸದಾಗಿ ಬರೆಸಿದ ಎರಡು ಚಿತ್ರಗಳಿಗೆ ತಲಾ 75. ಒಟ್ಟು 300 ಡಾಲರು. ಉಳಿದ 350ರಲ್ಲಿ ಕರಡು ತಿದ್ದುವವರಿಗೂ ಪುಟ ವಿನ್ಯಾಸಕರಿಗೂ ಏನಾದರೂ ಸಲ್ಲಿಸಬಹುದು. ಚಿತ್ರಗಳ ಸಂಖ್ಯೆಯಲ್ಲಿ ದೊಡ್ಡ ಕಡಿತವೇನೂ ಆಗಿಲ್ಲ. ಆ ಎರಡು ಹೊಸ ಚಿತ್ರಗಳು ಯಾವುವು ಎಂಬುದೇ ಮುಖ್ಯ. ಆ ಆಟದಲ್ಲಿ ಮಾತ್ರ ಬರುವ ಪ್ರಾಣಿ, ಆ ಆಟದಲ್ಲಿ ಮಾತ್ರ ಇರುವ ನಗರ, ಇವು ಯಾವ ಭಂಡಾರದಲ್ಲೂ ಸಿಗುವುದಿಲ್ಲ. ದುರ್ದೈವದಿಂದ ಅನೇಕರು ಮಾಡುವುದು ಇದಕ್ಕೆ ವಿರುದ್ಧ. ಎಲ್ಲೆಡೆ ದೊರೆಯುವ ಖಡ್ಗಧಾರಿಯನ್ನು ಹಣ ಕೊಟ್ಟು ಬರೆಸಿ, ತಮ್ಮದೇ ವಿಶಿಷ್ಟ ಪ್ರಾಣಿಯ ಜಾಗದಲ್ಲಿ ಹೋಲದ ಸಿದ್ಧ ಚಿತ್ರವನ್ನು ಅಂಟಿಸುತ್ತಾರೆ.

ಚಿತ್ರಗಳನ್ನು ಮೊದಲು ಆರಿಸಿ ಬರಹವನ್ನು ಅವಕ್ಕೆ ಹೊಂದಿಸುವುದು ಇನ್ನೊಂದು ಕ್ರಮ. ಸ್ವೀಡನಿನಿಂದ 2020ರಲ್ಲಿ ಬಂದ ‘ವೇಸೆನ್’ ಆಟವು ಯೋಹಾನ್ ಎಗರ್‌ಕ್ರಾನ್ಸ್ ಎಂಬ ಚಿತ್ರಕಾರರು ಅದಕ್ಕೂ ಮೊದಲೇ ಜಾನಪದ ಜೀವಿಗಳ ಬಗ್ಗೆ ಪ್ರಕಟಿಸಿದ್ದ ಸಚಿತ್ರ ಪುಸ್ತಕವನ್ನು ಆಧರಿಸಿದ್ದು. ಅದೇ ದೇಶದ, ಅದೇ ವರ್ಷದ ‘ಮೋರ್ಕ್ ಬೋರ್ಗ್’ ಆಟದಲ್ಲಿ ಬರಹಗಾರ ಪೆಲ್ಲೆ ನಿಲ್ಸನ್ ಅವರೊಡನೆ ಚಿತ್ರ-ವಿನ್ಯಾಸಕಾರ ಯೋಹಾನ್ ನೋರ್ ಅವರು ಸಹಕರ್ತರಾಗಿಯೇ ನಿಂತರು. ಅಲ್ಲಿ ಚಿತ್ರಕಾರರು ಕೂಲಿಗೆ ಬಂದವರಲ್ಲ, ಪಾಲುದಾರರು. ಲಾಭದ ಪಾಲಿನ ಮಾತಿಗೆ ಅರ್ಥ ಬರುವುದು ಇಂಥ ಕಡೆ ಮಾತ್ರ. 2019ರ ಫೆಬ್ರವರಿಯಲ್ಲಿ ಕಿಕ್‌ಸ್ಟಾರ್ಟರ್ ತಾಣವು ಆರಂಭಿಸಿದ ‘ಜೀನ್ ಕ್ವೆಸ್ಟ್’ ಎಂಬ ಅಭಿಯಾನವು ಒಂದೇ ಬಣ್ಣದಲ್ಲಿ ಅಚ್ಚಾದ ಕಿರುಹೊತ್ತಿಗೆಗಳಿಗೆ ಮೀಸಲಾಗಿತ್ತು. ಬಣ್ಣವಿಲ್ಲದಿರುವುದು ಕೊರತೆಯೆನ್ನಿಸದೆ ಒಂದು ಶೈಲಿಯೆನ್ನಿಸಿತು. ಕಿರು ಪ್ರಕಾಶಕರಿಗೆ ಇದರಿಂದ ಆದ ಉಳಿತಾಯ ಅಲ್ಪವಲ್ಲ.

2022ರಿಂದೀಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕ್ಷಣಮಾತ್ರದಲ್ಲಿ ಚಿತ್ರ ತಯಾರಿಸತೊಡಗಿದಾಗ ಸಮಸ್ಯೆ ತೀರಿತೆಂದೇ ಹಲವರು ಭಾವಿಸಿದರು. ಆದರೆ 2023ರ ಫೆಬ್ರವರಿಯಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿಯು ಒಂದು ಚಿತ್ರಕಥಾ ಪುಸ್ತಕದ ಬರಹ ಮತ್ತು ಜೋಡಣೆಗೆ ರಕ್ಷಣೆ ನೀಡಿ, ಅದರಲ್ಲಿನ ಯಂತ್ರನಿರ್ಮಿತ ಚಿತ್ರಗಳಿಗೆ ನಿರಾಕರಿಸಿತು. ಹಾಗೆ ತಯಾರಾದ ಮುಖಪುಟವನ್ನು ನಾಳೆ ಪ್ರತಿಸ್ಪರ್ಧಿಯೊಬ್ಬರು ನಕಲು ಮಾಡಿದರೆ ತಡೆಯುವ ಆಧಾರ ದುರ್ಬಲ. ಅದೇ ವರ್ಷ ಡ್ರೈವ್‌ಥ್ರೂ ತಾಣವು ಇಂಥ ಚಿತ್ರಗಳಿದ್ದರೆ ತಿಳಿಸಬೇಕೆಂದು ವಿಧಿಸಿತು. ಕಿಕ್‌ಸ್ಟಾರ್ಟರ್ ಸಹ ಬಹಿರಂಗಪಡಿಸುವ ನಿಯಮ ತಂದಿತು. ‘ಪೈಜೋ’ ಸಂಸ್ಥೆ ತನ್ನ ಪ್ರಕಟಣೆಗಳಲ್ಲಿ ಇವುಗಳಿಗೆ ಅವಕಾಶವಿಲ್ಲವೆಂದು ಘೋಷಿಸಿತು. ಈ ಆಟಗಳ ಗ್ರಾಹಕರಲ್ಲಿ ಸ್ವತಃ ಚಿತ್ರ ಬರೆಯುವವರೂ ಅವರ ಮಿತ್ರರೂ ಬಹಳ. ಅವರ ಅಸಮಾಧಾನಕ್ಕೆ ಗುರಿಯಾಗುವುದು ಉಳಿದ ಮುನ್ನೂರು ಡಾಲರಿಗಿಂತ ದುಬಾರಿಯಾಗಬಹುದು.

ಕಾಗದದ ಮೇಲೆ ಇರಬೇಕಾದದ್ದು

ಬರೆಸುವ ಚಿತ್ರ ಎರಡೇ ಆದರೂ ಕರಾರು ಲಿಖಿತವಾಗಿರಬೇಕು. ಅಳತೆ, ಬಣ್ಣ, ಗಡುವು, ಎಷ್ಟು ಬಾರಿ ತಿದ್ದುಪಡಿ, ಮುಂಗಡ ಎಷ್ಟು, ಕೆಲಸ ಅರ್ಧಕ್ಕೆ ನಿಂತರೆ ಎಷ್ಟು ಎಂಬಿವುಗಳನ್ನು ಎಲ್ಲರೂ ಬರೆಯುತ್ತಾರೆ. ಹಕ್ಕಿನ ಸಾಲನ್ನು ಮರೆಯುತ್ತಾರೆ. ಅಮೆರಿಕದ ಕಾನೂನಿನಂತೆ ಹೊರಗಿನ ಕಲಾವಿದರಿಂದ ಬರೆಸಿದ ಚಿತ್ರದ ಒಡೆತನ, ಲಿಖಿತ ಒಪ್ಪಂದವಿಲ್ಲದಿದ್ದರೆ, ಕಲಾವಿದರಲ್ಲೇ ಉಳಿಯುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ, ಹಣ ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ಮೊದಲ ಒಡೆತನ, ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ, ಬರೆಸಿದವರಿಗೆ ಸೇರುತ್ತದೆ. ಬೆಂಗಳೂರಿನ ಕಲಾವಿದರು ಷಿಕಾಗೋದ ಪ್ರಕಾಶಕರಿಗೆ ಬರೆದುಕೊಟ್ಟರೆ ಒಡೆಯರು ಯಾರೆಂಬುದು ಯಾವ ಕಾನೂನನ್ನು ಹಿಡಿದು ನೋಡುತ್ತಾರೆ ಎಂಬುದರ ಮೇಲೆ ನಿಂತುಬಿಡುತ್ತದೆ.

ಅದೇ ಅಧಿನಿಯಮದ 19ನೆಯ ಪ್ರಕರಣವನ್ನು ಹೊರದೇಶದ ಕೊಳ್ಳುಗರೂ ಇಲ್ಲಿನ ಕಲಾವಿದರೂ ಓದಿಕೊಳ್ಳುವುದು ಉತ್ತಮ. ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದು ಭಾವಿಸಲಾಗುತ್ತದೆ. ಪ್ರದೇಶವನ್ನು ನಮೂದಿಸದಿದ್ದರೆ ಆ ಹಕ್ಕು ಭಾರತದೊಳಗೆ ಮಾತ್ರ ಎಂದು ಭಾವಿಸಲಾಗುತ್ತದೆ. ‘ಎಲ್ಲ ಹಕ್ಕುಗಳನ್ನೂ ಕೊಟ್ಟಿದ್ದೇನೆ’ ಎಂಬ ಒಂದೇ ಸಾಲಿನ ಪತ್ರವನ್ನು ನಂಬಿ ಹಣ ಸಂದಾಯ ಮಾಡಿದ ಷಿಕಾಗೋದ ಪ್ರಕಾಶಕರ ಕೈಯಲ್ಲಿ, ಈ ಲೆಕ್ಕದಂತೆ, ಒಂದು ಪ್ರತಿಯೂ ಮಾರಾಟವಾಗದ ದೇಶದ ಐದು ವರ್ಷಗಳ ಹಕ್ಕು ಮಾತ್ರ ಉಳಿಯಬಹುದು.